ಅದ್ಭುತ ಕಥೆಗಳಲ್ಲಿ ಪುರಾಣದ ಜೀವಿಗಳು

(ಸಂಘದ ಕಿರಿಯರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂದರ್ಭದಲ್ಲಿ ಕನ್ನಡದ ಹಿರಿಮೆಯನ್ನು ಕುರಿತು ಅಧಿಕಾರವಾಣಿಯಿಂದ ಮಾತನಾಡಬಲ್ಲ ವಿದ್ವಾಂಸರಿಗೆ ನಮ್ಮ ಸಂಘದಲ್ಲಿ ಕೊರತೆಯಿಲ್ಲ. ಬಿ.ಕಾಂ. ಮುಗಿಸಿ, ಬ್ಯಾಂಕಿನ ಗುಮಾಸ್ತಿಕೆಯಲ್ಲಿ ಜಮಾಖರ್ಚಿನ ನಡುವೆ ದಿನ ಕಳೆಯುವ ನಮ್ಮಂಥವರ ಪಾಲಿಗೆ ಕಾರ್ಯಕಾರಿ ಸಮಿತಿಯವರು ಬೇರೊಂದು ವಿಷಯವನ್ನು ವಹಿಸಿದ್ದಾರೆ. ಸಂಘದ ಕಿರಿಯರು ತಾವೇ ಕಥೆ ಬರೆಯಬೇಕೆಂದು ಉತ್ಸಾಹ ತೋರಿದ್ದಾರೆ. ಅದರಲ್ಲಿಯೂ ಮಾಯಾಲೋಕದ ಕಥೆ, ವಿಚಿತ್ರ ಜೀವಿಗಳ ಕಥೆ. ಹರೆಯದ ಓದುಗರಿಗಾಗಿ ಇಂಥ ಅದ್ಭುತ ಕಥೆಯನ್ನು ಬರೆಯಹೊರಟವರು ಪುರಾಣದ ಜೀವಿಗಳಲ್ಲಿ ಯಾವುದನ್ನು ಪಾತ್ರವಾಗಿ ಆರಿಸಬೇಕು, ಏನನ್ನು ನೋಡಿ ಆರಿಸಬೇಕು ಎಂಬುದೇ ಇಂದಿನ ವಿಷಯ.

ಇದೇನು ಮಕ್ಕಳಾಟಿಕೆ ಎಂದು ಮೂಗು ಮುರಿಯುವ ಹಿರಿಯರೂ ಇಲ್ಲಿರಬಹುದು. ಅವರಲ್ಲಿ ನಮ್ಮದೊಂದು ಬಿನ್ನಹ. ಹದಿಮೂರು ಹದಿನಾಲ್ಕರ ಮಕ್ಕಳನ್ನು ಒಮ್ಮೆ ನೋಡಿ. ಬೆಳಗ್ಗೆ ಅವರಿಗೆ ನಾವು ‘ಇಷ್ಟು ದೊಡ್ಡವನಾದರೂ ಬುದ್ಧಿ ಬರಲಿಲ್ಲವಲ್ಲ’ ಎನ್ನುತ್ತೇವೆ. ಸಂಜೆ ಅವರೇ ಹೊರಗೆ ಹೊರಟರೆ ‘ನೀನಿನ್ನೂ ಚಿಕ್ಕವನು, ಒಬ್ಬನೇ ಹೋಗಬೇಡ’ ಎನ್ನುತ್ತೇವೆ. ಒಂದೇ ದಿನದಲ್ಲಿ ಅವರು ದೊಡ್ಡವರೂ ಹೌದು, ಚಿಕ್ಕವರೂ ಹೌದು. ದನಿ ಒಡೆಯುವ, ಕನ್ನಡಿಯಲ್ಲಿ ಕಂಡ ಮುಖ ತನ್ನದೇ ಹೌದೋ ಅಲ್ಲವೋ ಎಂದು ಸಂದೇಹ ಬರುವ ವಯಸ್ಸು ಅದು. ಅರ್ಧ ಇದು, ಅರ್ಧ ಅದು. ಪುರಾಣದ ಜೀವಿಗಳೂ ಹಾಗೆಯೇ ಅಲ್ಲವೆ? ಅರ್ಧ ಮನುಷ್ಯ ಅರ್ಧ ಹಾವು. ಆನೆಯ ಸೊಂಡಿಲು, ಮೊಸಳೆಯ ದವಡೆ, ನವಿಲಿನ ಬಾಲ. ಹರೆಯದ ಮಕ್ಕಳಿಗೆ ಇಂಥ ಜೀವಿಗಳ ಮೇಲೆ ಒಲವು ಹುಟ್ಟುವುದರಲ್ಲಿ ಆಶ್ಚರ್ಯವೇನೂ ಇಲ್ಲ. ತಮ್ಮ ಸ್ಥಿತಿಯನ್ನೇ ಅವರು ಅಲ್ಲಿ ಕಾಣುತ್ತಾರೆ.

ಈ ಮುಂಬಯಿ ನಗರದಲ್ಲಿ ಬೆಳೆಯುವ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಇಂಥ ಕಥೆಗಳನ್ನು ಧಾರಾಳವಾಗಿ ಓದುತ್ತಾರೆ. ಓದಲಿ, ಅದು ಒಳ್ಳೆಯದೇ. ಆದರೆ ತಾವೇ ಬರೆಯಲು ಕುಳಿತಾಗ, ಕನ್ನಡದಲ್ಲಿ ಬರೆದರೂ, ಲೇಖನಿಯ ಮೊನೆಗೆ ಮೊದಲು ಬಂದು ಕೂರುವುದು ಬೆಂಕಿಯುಗುಳುವ ಡ್ರ್ಯಾಗನ್. ಅದಕ್ಕೆ ಕಾರಣ ನಮ್ಮ ಭಂಡಾರ ಬರಿದಾಗಿರುವುದಲ್ಲ. ನಮ್ಮ ಜೀವಿಗಳನ್ನೆಲ್ಲ ನಾವು ಬ್ಯಾಂಕಿನ ಲಾಕರಿನಲ್ಲಿ ಇಟ್ಟ ಅಜ್ಜಿಯ ಒಡವೆಯಂತೆ ಭದ್ರಪಡಿಸಿ, ಚಲಾವಣೆಯಿಂದ ಹೊರಗಿಟ್ಟಿದ್ದೇವೆ. ೧೯೨೯ರಲ್ಲಿ ಕಾರ್ಕಳದಲ್ಲಿ ಹುಟ್ಟಿ ಈ ನಗರದಲ್ಲಿ ಬಾಳಿದ ಅನಂತ ಪೈ ಅವರು ೧೯೬೭ರಲ್ಲಿ ‘ಅಮರ ಚಿತ್ರಕಥೆ’ಯನ್ನು ಆರಂಭಿಸಿ, ಆ ಒಡವೆಗಳನ್ನು ಮಕ್ಕಳ ಕಣ್ಣಿಗೆ ಬೀಳುವಂತೆ ಮಾಡಿದರು, ಅದು ದೊಡ್ಡ ಉಪಕಾರ. ಆದರೆ ಹಳೆಯ ಕಥೆಯನ್ನು ಮತ್ತೆ ಹೇಳುವುದು ಒಂದು ಕೆಲಸ; ಹಳೆಯ ಜೀವಿಯನ್ನು ಹೊಸ ಕಥೆಯೊಳಕ್ಕೆ ಕರೆತರುವುದು ಇನ್ನೊಂದು ಕೆಲಸ. ಈ ಎರಡನೆಯದರಲ್ಲಿ ಆಯ್ಕೆಯ ಪ್ರಶ್ನೆ ಬರುತ್ತದೆ.

ನಮಗೆ ತಿಳಿದಿರುವ ಆಯ್ಕೆಯ ಪದ್ಧತಿ ಬ್ಯಾಂಕಿನದು. ಹೊಸಬರೊಬ್ಬರು ಖಾತೆ ತೆರೆಯಲು ಬಂದರೆ ಅವರ ಮುಖದ ಅಂದವನ್ನು ನೋಡಿ ಯಾರೂ ಪಾಸ್‌ಬುಕ್ ಕೊಡುವುದಿಲ್ಲ. ನಾಲ್ಕು ಪ್ರಶ್ನೆ ಕೇಳುತ್ತೇವೆ, ಕಾಗದ ನೋಡುತ್ತೇವೆ. ಕಥೆಯೊಳಗೆ ಬರಲು ಬಯಸುವ ಜೀವಿಗೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂಬುದು ನಮ್ಮ ಸೂಚನೆ.

ಮೊದಲನೆಯ ಪ್ರಶ್ನೆ: ನಿನ್ನ ಕಟ್ಟು ಯಾವುದು? ಕಟ್ಟು ಎಂದರೆ ಆ ಜೀವಿ ಮೀರಲಾರದ ನಿಯಮ. ಏನು ಬೇಕಾದರೂ ಮಾಡಬಲ್ಲ ಜೀವಿಯಿಂದ ಕಥೆ ಹುಟ್ಟುವುದಿಲ್ಲ. ಮೊದಲ ಪುಟದಲ್ಲಿಯೇ ಅದು ಸಂಕಟವನ್ನೆಲ್ಲ ಪರಿಹರಿಸಿಬಿಟ್ಟರೆ ಉಳಿದ ಇನ್ನೂರು ಪುಟಕ್ಕೆ ಏನು ಗತಿ? ಬೇತಾಳನನ್ನು ನೋಡಿ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ ಕಥಾಸರಿತ್ಸಾಗರದಲ್ಲಿ ಅವನ ಇಪ್ಪತ್ತೈದು ಕಥೆಗಳಿವೆ. ಹಳೆಯ ‘ಚಂದಮಾಮ’ವನ್ನು ಓದಿದ ಹಿರಿಯರಿಗೆ, ಕೆ. ಸಿ. ಶಿವಶಂಕರ್ ಅವರು ಬಿಡಿಸಿದ, ಕತ್ತಿ ಹಿಡಿದು ಹೆಗಲ ಮೇಲೆ ಹೆಣ ಹೊತ್ತು ನಡೆಯುವ ರಾಜನ ಚಿತ್ರ ಕಣ್ಣಿಗೆ ಕಟ್ಟಿದಂತಿರುತ್ತದೆ. ಆ ಬೇತಾಳನ ಕಟ್ಟು ಎಷ್ಟು ಚೊಕ್ಕವಾಗಿದೆ! ಉತ್ತರ ತಿಳಿದೂ ಸುಮ್ಮನಿದ್ದರೆ ರಾಜನ ತಲೆ ಒಡೆಯುತ್ತದೆ. ಬಾಯಿ ತೆರೆದರೆ ಬೇತಾಳ ಮರಕ್ಕೆ ಮರಳುತ್ತಾನೆ. ಮಾತನಾಡಿದರೂ ನಷ್ಟ, ಮೌನವಾಗಿದ್ದರೂ ನಷ್ಟ. ಶಾಲೆಯಲ್ಲಿ ಗೆಳೆಯನ ತಪ್ಪನ್ನು ಕಂಡ ಹುಡುಗ ಅಧ್ಯಾಪಕರ ಮುಂದೆ ನಿಂತಾಗ ಅವನ ಹೆಗಲ ಮೇಲೆ ಕುಳಿತಿರುವವನು ಈ ಬೇತಾಳನೇ ಅಲ್ಲವೆ? ಜೀವಿಯ ಕಟ್ಟು ಓದುಗನ ಇಕ್ಕಟ್ಟಿಗೆ ಹೀಗೆ ತಾಗಿದರೆ ಆಯ್ಕೆ ಸರಿಯಾಯಿತೆಂದು ತಿಳಿಯಬೇಕು.

ಹೊರದೇಶದ ಲೇಖಕರ ಗುಟ್ಟೂ ಇದೇ. ೧೯೩೭ರಲ್ಲಿ ಬಂದ ಟೋಲ್ಕಿನ್ ಅವರ ‘ದಿ ಹಾಬಿಟ್’ನಲ್ಲಿ ಡ್ರ್ಯಾಗನ್ನಿನ ಎದೆಯ ಕವಚದಲ್ಲಿ ಒಂದು ತುಣುಕು ಬರಿದಾಗಿದೆ; ಅದರ ದರ್ಪವೆಲ್ಲ ಕೊನೆಗೊಳ್ಳುವುದು ಆ ಸ್ಥಳದಲ್ಲಿ. ೧೯೬೮ರಲ್ಲಿ ಉರ್ಸುಲಾ ಲೆ ಗ್ವಿನ್ ಅವರು ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಎಂಬ ಕಾದಂಬರಿಯಲ್ಲಿ ತರುಣ ಮಾಂತ್ರಿಕನು ಡ್ರ್ಯಾಗನ್ನನ್ನು ಕಟ್ಟಿಹಾಕುವುದು ಖಡ್ಗದಿಂದಲ್ಲ, ಅದರ ನಿಜವಾದ ಹೆಸರನ್ನು ತಿಳಿದಿದ್ದರಿಂದ. ಹ್ಯಾರಿ ಪಾಟರ್ ಮಾಲೆಯ ಮೂರನೆಯ ಪುಸ್ತಕ ೧೯೯೯ರಲ್ಲಿ ಬಂದಿತು. ಅದರಲ್ಲಿ ಮುಂಭಾಗ ಹದ್ದು, ಹಿಂಭಾಗ ಕುದುರೆಯಾಗಿರುವ ಒಂದು ಜೀವಿಯಿದೆ. ಅದರ ಬಳಿ ಸಾರುವವನು ಮೊದಲು ತಲೆಬಾಗಬೇಕು, ಅದು ಮರಳಿ ತಲೆಬಾಗುವ ವರೆಗೆ ಕಾಯಬೇಕು. ವಿನಯವಿಲ್ಲದ ಹುಡುಗ ಗಾಯಗೊಳ್ಳುತ್ತಾನೆ. ರೆಕ್ಕೆಗಿಂತ, ಉಗುರಿಗಿಂತ ಆ ನಿಯಮವೇ ಆ ಜೀವಿಗೆ ಪ್ರಾಣ ತುಂಬಿದೆ. ನಾವು ಅನುಕರಿಸಬೇಕಾದದ್ದಿದ್ದರೆ ಈ ವಿವೇಕವನ್ನು; ರೆಕ್ಕೆ ಉಗುರುಗಳನ್ನಲ್ಲ.

ಎರಡನೆಯ ಪ್ರಶ್ನೆ: ನಿನ್ನ ಕೊರತೆ ಯಾವುದು? ಕಟ್ಟು ಹೊರಗಿನದು, ಕೊರತೆ ಒಳಗಿನದು. ಈ ಪ್ರಶ್ನೆಗೆ ನಮ್ಮ ಮಹಾಭಾರತದ ಆದಿಪರ್ವದಲ್ಲಿರುವಷ್ಟು ಉತ್ತರಗಳು ಬೇರೆಲ್ಲಿಯೂ ಸಿಗುವುದು ಕಷ್ಟ. ಎರಡನ್ನು ಮಾತ್ರ ಸ್ವಲ್ಪ ವಿಸ್ತರಿಸಿ ಹೇಳುತ್ತೇವೆ.

ಗರುಡನನ್ನು ಎಲ್ಲರೂ ಬಲ್ಲರು. ಅವನ ಅಣ್ಣನನ್ನು ಬಲ್ಲವರು ಕಡಿಮೆ. ಕಶ್ಯಪನ ಪತ್ನಿಯರಾದ ಕದ್ರುವಿಗೆ ಸಾವಿರ ಮೊಟ್ಟೆ, ವಿನತೆಗೆ ಎರಡೇ ಮೊಟ್ಟೆ. ಐನೂರು ವರ್ಷಗಳ ಮೇಲೆ ಕದ್ರುವಿನ ಮೊಟ್ಟೆಗಳು ಒಡೆದು ನಾಗಗಳು ಹೊರಬಂದವು. ವಿನತೆಯ ಮೊಟ್ಟೆಗಳು ಅಲುಗಲಿಲ್ಲ. ಸವತಿಯ ಮಕ್ಕಳನ್ನು ಕಂಡು ತಾಳಲಾರದೆ ವಿನತೆ ಒಂದು ಮೊಟ್ಟೆಯನ್ನು ತಾನೇ ಒಡೆದಳು. ಒಳಗಿದ್ದ ಮಗುವಿಗೆ ಮೇಲಿನ ಒಡಲು ಮೂಡಿತ್ತು, ಕೆಳಗಿನದು ಇನ್ನೂ ಮೂಡಿರಲಿಲ್ಲ. ಅವನೇ ಅರುಣ. ತನ್ನನ್ನು ಅಪೂರ್ಣನನ್ನಾಗಿ ಮಾಡಿದ ತಾಯಿಯನ್ನು ಅವನು ಶಪಿಸಿದನು. ‘ಇನ್ನೊಂದು ಮೊಟ್ಟೆಯನ್ನಾದರೂ ತಾಳ್ಮೆಯಿಂದ ಕಾಯಿ’ ಎಂದೂ ಹೇಳಿ ಆಕಾಶಕ್ಕೇರಿ ಸೂರ್ಯನ ಸಾರಥಿಯಾದನು. ಕಾಲಿಲ್ಲದವನು ಜಗತ್ತಿಗೆಲ್ಲ ಬೆಳಗನ್ನು ತರುವ ರಥವನ್ನು ನಡೆಸುತ್ತಾನೆ! ತಾಯಂದಿರೇ, ತಂದೆಗಳೇ, ನೆರೆಮನೆಯವರ ಮಕ್ಕಳ ಅಂಕಪಟ್ಟಿಯನ್ನು ನೋಡಿ ನಮ್ಮ ಮನೆಯ ಮೊಟ್ಟೆಗಳನ್ನು ಹೊತ್ತಿಗೆ ಮುಂಚೆ ಒಡೆಯುವವರು ನಾವು. ಅರುಣನ ಕಥೆಯನ್ನು ಹರೆಯದ ಹುಡುಗನೊಬ್ಬನ ಮುಂದಿಟ್ಟರೆ ಅವನಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ. ಅಣ್ಣ ಅಪೂರ್ಣ, ತಮ್ಮ ಮಹಾಬಲ; ಇವರಿಬ್ಬರೂ ಭೇಟಿಯಾದರೆ ಏನು ಮಾತನಾಡಿಯಾರು? ಅಷ್ಟರಿಂದಲೇ ಒಂದು ಕಾದಂಬರಿ ಆರಂಭವಾಗಬಹುದು.

ಎರಡನೆಯವನು ಆಸ್ತೀಕ. ತಂದೆ ಋಷಿ, ತಾಯಿ ವಾಸುಕಿಯ ತಂಗಿ. ಮಗು ಹುಟ್ಟುವ ಮೊದಲೇ ತಂದೆ ಮನೆ ಬಿಟ್ಟು ಹೋದನು. ಹುಡುಗ ಬೆಳೆದದ್ದು ಸೋದರಮಾವನಾದ ನಾಗರಾಜನ ಮನೆಯಲ್ಲಿ. ಅತ್ತ ಜನಮೇಜಯನು ತನ್ನ ತಂದೆಯನ್ನು ಕೊಂದ ತಕ್ಷಕನ ಮೇಲಿನ ಸೇಡಿಗಾಗಿ ನಾಗಕುಲವನ್ನೇ ಸುಡುವ ಯಾಗ ಹೂಡಿದ್ದಾನೆ. ತಕ್ಷಕನಿಗಾದರೂ ಖಾಂಡವ ವನದ ಬೆಂಕಿಯಲ್ಲಿ ಹೆಂಡತಿಯನ್ನು ಕಳೆದುಕೊಂಡ ಹಳೆಯ ಲೆಕ್ಕವಿದೆ. ಇಂಥ ಬೆಂಕಿಯ ಮುಂದೆ ಬಂದು ನಿಂತವನು ಒಬ್ಬ ಬಾಲಕ. ಅರ್ಧ ನಾಗ, ಅರ್ಧ ಮನುಷ್ಯ. ಅವನ ಕೈಯಲ್ಲಿ ಆಯುಧವಿಲ್ಲ. ಸಭೆಯನ್ನು ಮಾತಿನಿಂದ ಮೆಚ್ಚಿಸಿ, ರಾಜನಿಂದ ವರ ಪಡೆದು, ಯಾಗವನ್ನು ನಿಲ್ಲಿಸೆಂದು ಕೇಳಿದನು. ಬೀಳುತ್ತಿದ್ದ ತಕ್ಷಕನು ನಡು ಆಕಾಶದಲ್ಲಿ ನಿಂತನು. ಎರಡು ಮನೆಗಳಿಗೆ ಸೇರಿದವನು ಎರಡರ ಮಾತನ್ನೂ ಬಲ್ಲವನಾದ್ದರಿಂದಲೇ ಈ ಕೆಲಸ ಅವನಿಂದಾಯಿತು. ‘ನೀನು ಇಲ್ಲಿಯವನೋ, ಅಲ್ಲಿಯವನೋ’ ಎಂಬ ಪ್ರಶ್ನೆಯನ್ನು ಊರಿಗೆ ಹೋದಾಗ ಒಂದು ರೀತಿ, ಇಲ್ಲಿ ಒಂದು ರೀತಿ ಕೇಳಿಸಿಕೊಳ್ಳುವ ನಮ್ಮ ಮಕ್ಕಳಿಗೆ ಇವನಿಗಿಂತ ಹತ್ತಿರದ ಬಂಧು ಯಾರು?

ನಮ್ಮ ಕಾಲದ ಕನ್ನಡ ನಾಟಕಕಾರರೊಬ್ಬರು ಇದನ್ನು ಚೆನ್ನಾಗಿ ಅರಿತಿದ್ದರು. ೧೯೭೧ರ ‘ಹಯವದನ’ದಲ್ಲಿ ಗಿರೀಶ ಕಾರ್ನಾಡರು ಕುದುರೆಯ ತಲೆಯುಳ್ಳ ಮನುಷ್ಯನೊಬ್ಬನನ್ನು ತಂದರು. ಅವನಿಗೆ ಪೂರ್ಣತೆ ಬೇಕು. ಕೊನೆಗೆ ಅವನು ಪೂರ್ಣನಾಗುತ್ತಾನೆ, ಆದರೆ ಪೂರ್ಣ ಕುದುರೆಯಾಗಿ! ಅದು ಮಕ್ಕಳಿಗಾಗಿ ಬರೆದ ನಾಟಕವಲ್ಲ. ಆದರೂ ಜೀವಿಯ ಆಯ್ಕೆ ಹೇಗಿರಬೇಕೆಂಬುದಕ್ಕೆ ಅದು ಒಳ್ಳೆಯ ಪಾಠ. ಕುದುರೆತಲೆ ಅಲ್ಲಿ ಅಲಂಕಾರಕ್ಕಲ್ಲ. ಪ್ರಶ್ನೆಯೇ ತಲೆಯಾಗಿ ಕುಳಿತಿದೆ.

ಮೂರನೆಯ ಪ್ರಶ್ನೆ: ನಿನ್ನ ವಿಳಾಸ ಯಾವುದು? ಜೀವಿಗೆ ನೆಲ ಬೇಕು, ನೀರು ಬೇಕು, ಹವೆ ಬೇಕು. ಹಿಮದ ಗುಹೆಯಲ್ಲಿ ಮಲಗುವ ಡ್ರ್ಯಾಗನ್ನನ್ನು ತಂದು ಆಗುಂಬೆಯ ಮಳೆಯಲ್ಲಿ ನಿಲ್ಲಿಸಿದರೆ ಅದರ ಬೆಂಕಿ ಹೊತ್ತಿಕೊಳ್ಳುವುದೇ ಸಂಶಯ. ಯಕ್ಷನನ್ನು ಆರಿಸಿದರೆ ಒಂದು ಕೊಳವನ್ನು ಹುಡುಕಬೇಕು. ವನಪರ್ವದ ಯಕ್ಷ ಕೊಳದ ನೀರನ್ನು ಕಾಯುತ್ತಾನೆ. ಪ್ರಶ್ನೆಗೆ ಉತ್ತರಿಸದೆ ನೀರು ಮುಟ್ಟಿದ ನಾಲ್ವರು ತಮ್ಮಂದಿರು ಉರುಳುತ್ತಾರೆ. ಒಬ್ಬನನ್ನು ಬದುಕಿಸುತ್ತೇನೆಂದಾಗ ಧರ್ಮರಾಯನು ಮಲತಾಯಿಯ ಮಗನಾದ ನಕುಲನನ್ನು ಕೇಳುತ್ತಾನೆ. ಇಂದು ಕೆರೆಗಳನ್ನು ತುಂಬಿಸಿ ಮನೆ ಕಟ್ಟುತ್ತಿರುವ ಕಾಲ. ಕೊಳವನ್ನು ಕಳೆದುಕೊಂಡ ಯಕ್ಷ ಎಲ್ಲಿಗೆ ಹೋಗಬೇಕು, ಯಾರಿಗೆ ಪ್ರಶ್ನೆ ಕೇಳಬೇಕು? ವಿಳಾಸವನ್ನು ಕೇಳಿದ ಕೂಡಲೆ ಕಥೆ ತಾನಾಗಿ ನಡೆಯತೊಡಗುವುದನ್ನು ನೀವು ಗಮನಿಸಬಹುದು.

ವಿಳಾಸವಿದ್ದು ಕಥೆಯಿಲ್ಲದ ಜೀವಿಗಳೂ ನಮ್ಮಲ್ಲಿವೆ. ಹಂಪಿಯ ವಿಠ್ಠಲ ದೇವಾಲಯದ ಕಂಬಗಳಲ್ಲಿ ಮುಂಗಾಲೆತ್ತಿ ನಿಂತಿರುವ ಯಾಳಿಗಳನ್ನು ನೋಡಿ. ಹಳೆಬೀಡಿನ ಭಿತ್ತಿಯ ಸಾಲುಗಳಲ್ಲಿ ಒಂದರ ಹಿಂದೊಂದು ಸಾಗುವ ಮಕರಗಳನ್ನು ನೋಡಿ. ರೂಪವನ್ನು ಶಿಲ್ಪಿಗಳು ಕೊಟ್ಟಿದ್ದಾರೆ. ಅವುಗಳ ಬಾಯಿಗೆ ಮಾತನ್ನು ಪುರಾಣ ಹೆಚ್ಚಾಗಿ ಕೊಟ್ಟಿಲ್ಲ. ಹೊಸಬರಿಗೆ ಇವೇ ಅನುಕೂಲ. ಗರುಡನ ಬಾಯಲ್ಲಿ ಸಲ್ಲದ ಮಾತು ಬಂದರೆ ಓದುಗರು ಒಪ್ಪುವುದಿಲ್ಲ. ಯಾಳಿಯ ಸ್ವಭಾವವನ್ನು ನೀವೇ ನಿರ್ಣಯಿಸಬಹುದು. ಶತಮಾನಗಳ ಕಾಲ ತಲೆಯ ಮೇಲೆ ಚಾವಣಿ ಹೊತ್ತು ನಿಂತ ಜೀವಿ, ಇಳಿದು ಒಂದು ಹೆಜ್ಜೆ ನಡೆದರೆ ಮಂಟಪ ಉಳಿಯುವುದೆ? ಕಟ್ಟು, ಕೊರತೆ, ವಿಳಾಸ ಮೂರೂ ಅಲ್ಲಿಯೇ ಸಿಕ್ಕವು.

ನಾಲ್ಕನೆಯ ಪ್ರಶ್ನೆ ಬಹಳ ಎಚ್ಚರಿಕೆಯಿಂದ ಕೇಳಬೇಕಾದದ್ದು: ನಿನ್ನ ವಾರಸುದಾರರು ಯಾರು? ಖಾತೆದಾರರು ಯಾರೆಂದು ನೋಡದೆ ಹಣ ಕೊಡುವ ಬ್ಯಾಂಕು ಉಳಿಯದು. ಪುರಾಣದಲ್ಲಿರುವ ಎಲ್ಲ ಜೀವಿಗಳೂ ಕೇವಲ ಪುರಾಣದವಲ್ಲ. ಕೆಲವು ಇಂದಿಗೂ ಜನರ ನಂಬಿಕೆಯಲ್ಲಿ ಬದುಕಿವೆ. ತುಳುನಾಡಿನ ಪಂಜುರ್ಲಿ, ಗುಳಿಗ ಮೊದಲಾದವರು ದೈವಗಳು. ಅವರಿಗೆ ಕೋಲವುಂಟು, ಕಟ್ಟುವ ಕುಲದವರುಂಟು, ನುಡಿ ಕೇಳುವ ಕುಟುಂಬಗಳುಂಟು. ಆ ಕುಟುಂಬಗಳ ಅನೇಕರು ಈ ನಗರದಲ್ಲಿಯೂ ಇದ್ದಾರೆ. ೨೦೨೨ರಲ್ಲಿ ‘ಕಾಂತಾರ’ ಚಲನಚಿತ್ರ ಬಂದ ಮೇಲೆ, ವಿನೋದಕ್ಕಾಗಿ ಆ ವೇಷ ತೊಟ್ಟು ಕುಣಿಯುವುದು ಸಲ್ಲದೆಂದು ಭಕ್ತರು ಆಕ್ಷೇಪಿಸಿದುದು ನ್ಯಾಯವಾಗಿಯೇ ಇತ್ತು. ಹಾಗಾದರೆ ಬರೆಯಲೇಬಾರದೆ? ಬರೆಯಬಹುದು, ಆದರೆ ದೈವವನ್ನು ನಾಯಕನ ಸವಾರಿಯ ಮೃಗವನ್ನಾಗಿ ಮಾಡಬಾರದು. ಕೋಲ ನಡೆಯುವ ಮನೆಯ ಹುಡುಗಿಯೊಬ್ಬಳ ಕಣ್ಣಿನಿಂದ, ತುಸು ದೂರದಿಂದ, ಅಂಗಳದ ಅಂಚಿನಲ್ಲಿ ನಿಂತು ನೋಡಿದಂತೆ ಬರೆಯಬಹುದು. ಭಯಭಕ್ತಿಗಳ ಆ ದೂರವೇ ಕಥೆಗೆ ಗಾಂಭೀರ್ಯವನ್ನು ತರುತ್ತದೆ. ಶರಭ ನರಸಿಂಹರ ಕಾಳಗವೂ ಇಂಥದೇ. ಶೈವರು ಒಂದು ರೀತಿ, ವೈಷ್ಣವರು ಒಂದು ರೀತಿ ಹೇಳುವ ಪ್ರಸಂಗ. ಹಳೆಯ ಜಗಳದಲ್ಲಿ ಪಕ್ಷ ವಹಿಸುವುದಕ್ಕೆ ಮಕ್ಕಳ ಕಥೆ ತಕ್ಕ ಸ್ಥಳವಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತು. ರಾಕ್ಷಸನನ್ನು ತರುವಾಗ ಕಪ್ಪು ಬಣ್ಣ, ದಪ್ಪ ತುಟಿ, ಕಾಡಿನ ವಾಸ ಇವನ್ನೇ ದುಷ್ಟತನದ ಗುರುತಾಗಿ ಬಳಸುವ ಹಳೆಯ ಚಾಳಿಯನ್ನು ನಾವು ಬಿಡಬೇಕು. ಅಂಥ ಮೈಬಣ್ಣದ, ಅಂಥ ಊರಿನ ಹುಡುಗನೂ ಆ ಪುಸ್ತಕವನ್ನು ಓದುತ್ತಾನೆ. ಹಿಡಿಂಬೆಯ ಮಗ ಘಟೋತ್ಕಚನು ತಂದೆ ನೆನೆದಾಗಲೆಲ್ಲ ಬಂದವನು, ಕರ್ಣನ ಶಕ್ತ್ಯಾಯುಧವನ್ನು ತನ್ನ ಮೇಲೆ ತೆಗೆದುಕೊಂಡು ಅರ್ಜುನನನ್ನು ಉಳಿಸಿದವನು. ಕೆಲಸ ಬಿದ್ದಾಗ ಮಾತ್ರ ನೆನಪಾಗುವ ಮಗನ ಮನಸ್ಸಿನಲ್ಲಿ ಏನಿದ್ದೀತು ಎಂದು ಕೇಳುವ ಲೇಖಕನಿಗೆ ಬೇರೆ ರಾಕ್ಷಸ ಬೇಕಾಗಿಲ್ಲ.

ಪ್ರಶ್ನೆಗಳು ಮುಗಿದವು. ಒಂದೆರಡು ಸಣ್ಣ ಸೂಚನೆಗಳು. ಒಂದು ಕಥೆಗೆ ಒಂದೇ ಮುಖ್ಯ ಜೀವಿ ಸಾಕು. ಯಕ್ಷ, ಗಂಧರ್ವ, ಬ್ರಹ್ಮರಾಕ್ಷಸ ಎಲ್ಲರನ್ನೂ ಕರೆದರೆ ಜಾತ್ರೆಯಾದೀತು, ಕಥೆಯಾಗದು. ಜೀವಿಯ ಮಾತಿಗೆ ಅದರದೇ ಒಂದು ಧಾಟಿಯಿರಲಿ. ಸಾವಿರ ವರ್ಷದ ಯಕ್ಷ ಕಾಲೇಜು ಹುಡುಗನಂತೆ ಮಾತನಾಡಬಾರದು. ಹಾಗೆಂದು ನಿಘಂಟು ತೆರೆದು ಓದಬೇಕಾದಂತೆಯೂ ಮಾತನಾಡಬಾರದು. ಧಾರವಾಡದ ಅಜ್ಜಿಯ ಮಾತು, ಕುಂದಾಪುರದ ಅಜ್ಜನ ಮಾತು ನಿಮ್ಮ ಮನೆಗಳಲ್ಲಿಯೇ ಇವೆ. ಕೇಳಿಕೊಂಡು ಬರೆಯಿರಿ.

ಇನ್ನು ಈ ನಾಲ್ಕು ಪ್ರಶ್ನೆಗಳನ್ನು ಒಂದೇ ಜೀವಿಗೆ ಹಾಕಿ ನೋಡೋಣ. ಇಂದು ನಮ್ಮ ರಾಜ್ಯಲಾಂಛನದಲ್ಲಿರುವ ಗಂಡಭೇರುಂಡವನ್ನೇ ತೆಗೆದುಕೊಳ್ಳೋಣ. ಊರಿಗೆ ಹೋದಾಗ ಕರ್ನಾಟಕ ಸಾರಿಗೆಯ ಬಸ್ಸಿನ ಮೇಲೆ ಅದನ್ನು ನೋಡದ ಮಕ್ಕಳಿಲ್ಲ. ಅದರ ಕಥೆ ಹೇಳು ಎಂದರೆ ದೊಡ್ಡವರೇ ತಡವರಿಸುತ್ತಾರೆ. ವಿಳಾಸವೇನೋ ಸ್ಪಷ್ಟವಾಗಿದೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ೧೦೪೭ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಸ್ತಂಭದ ತುದಿಯಲ್ಲಿ, ಮನುಷ್ಯನ ಒಡಲು, ಹಕ್ಕಿಯ ಎರಡು ತಲೆಗಳ ಗಂಡಭೇರುಂಡವಿತ್ತು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಆನೆಗಳನ್ನು ಕೊಕ್ಕಿನಲ್ಲಿ, ಉಗುರಿನಲ್ಲಿ ಎತ್ತಿಕೊಂಡಿದೆ. ಅಲ್ಲಿಂದ ಮೈಸೂರು ಅರಸರ ಲಾಂಛನಕ್ಕೆ, ಈಗ ಸರ್ಕಾರದ ಕಾಗದಗಳಿಗೆ ಬಂದಿದೆ. ವಾರಸುದಾರರು ನಾವೆಲ್ಲರೂ.

ಕಟ್ಟು ಮತ್ತು ಕೊರತೆ? ಅವು ಪಂಚತಂತ್ರದಲ್ಲಿವೆ. ಅಲ್ಲಿ ಭಾರುಂಡವೆಂಬ ಹಕ್ಕಿಯಿದೆ. ಕೊರಳು ಎರಡು, ಹೊಟ್ಟೆ ಒಂದು. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. ಇನ್ನೊಂದು ತಲೆ ಪಾಲು ಕೇಳಿದರೆ, ‘ಹೇಗೂ ಒಂದೇ ಹೊಟ್ಟೆಗೆ ತಾನೆ ಸೇರುವುದು’ ಎಂದು ಕೊಡಲಿಲ್ಲ. ಹೊಟ್ಟೆ ಒಂದೇ ಆದರೂ ನಾಲಗೆ ಎರಡೆಂಬುದನ್ನು ಅದು ಮರೆತಿತ್ತು. ಮುನಿದ ಎರಡನೆಯ ತಲೆ ಒಂದು ದಿನ ವಿಷದ ಹಣ್ಣನ್ನು ತಿಂದಿತು, ಎರಡೂ ಸತ್ತವು.

ಕಿರಿಯ ಮಿತ್ರರೇ, ಈ ಹಕ್ಕಿಯ ಗುರುತು ನಿಮಗೆ ಹತ್ತಲಿಲ್ಲವೆ? ಮನೆಯಲ್ಲಿ ಕನ್ನಡ, ತುಳು ಇಲ್ಲವೆ ಕೊಂಕಣಿ ಮಾತನಾಡುವ ತಲೆಯೊಂದು. ಬೀದಿಯಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಮಾತನಾಡುವ ತಲೆ ಇನ್ನೊಂದು. ಒಳಗಿನ ಹಸಿವು ಒಂದೇ. ಹಿರಿಯರಾದ ನಾವು ಹಬ್ಬದ ದಿನ ಮೊದಲನೆಯ ತಲೆಯನ್ನು ಮುದ್ದಿಸಿ, ಉಳಿದ ದಿನಗಳಲ್ಲಿ ಎರಡನೆಯದಕ್ಕೆ ಮಾತ್ರ ಉಣಿಸುತ್ತೇವೆ. ಅಥವಾ ಎರಡನೆಯದನ್ನು ಹಳಿದು ಮೊದಲನೆಯದನ್ನು ಮೆರೆಸುತ್ತೇವೆ. ಎರಡೂ ಕ್ರಮದಲ್ಲಿ ಒಂದು ನಾಲಗೆ ರುಚಿಯಿಲ್ಲದೆ ಉಳಿಯುತ್ತದೆ. ಪಂಚತಂತ್ರದವರಿಗೆ ಇದಕ್ಕೆ ವಿಷದ ಹಣ್ಣಲ್ಲದೆ ಬೇರೆ ಮುಕ್ತಾಯ ತೋರಲಿಲ್ಲ. ಲಾಂಛನ ಬರೆದವರು ಎರಡು ತಲೆಗಳನ್ನು ಎರಡು ದಿಕ್ಕಿಗೆ ತಿರುಗಿಸಿ ಸುಮ್ಮನಾದರು. ಆ ತಲೆಗಳು ಒಮ್ಮೆ ಪರಸ್ಪರ ಮುಖ ನೋಡಿ ಮಾತನಾಡುವ ಅಧ್ಯಾಯವನ್ನು ನೀವು ಬರೆಯಬೇಕಾಗಿದೆ. ಕನ್ನಡದಲ್ಲಿ ಬರೆದರೆ ನಮಗೆ ಸಂತೋಷ. ಬೇರೆ ಭಾಷೆಯಲ್ಲಿ ಬರೆದರೂ ಹಕ್ಕಿ ನಮ್ಮದೇ.